ಪ್ರಾರ್ಥನೆಗೆ ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಏನು ಮಾಡಲಿ?

ಮೊದಲು ಬೈಬಲ್ ಓದಿ, ಆಮೇಲೆ ದೇವರ ಜೊತೆ ಮಾತಾಡಿ. ಸುಮ್ನೆ ಕಣ್ಮುಚ್ಚಿ ಕೂತರೆ ಮನಸ್ಸಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅದಕ್ಕೇ ಸಾಲದ ಕಂತು, ಮಕ್ಕಳ ಫೀಸು ಅಂತ ಓಡುತ್ತದೆ. ಬೈಬಲ್ಲಿನ 23ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ. ಒಂದನ್ನು ಬಾಯಿಬಿಟ್ಟು ನಿಧಾನವಾಗಿ ಓದಿ. ಯಾವ ಮಾತು ಮನಸ್ಸಿಗೆ ತಟ್ಟಿತೋ ಅದಕ್ಕೆ ದೇವರಿಗೆ ಉತ್ತರ ಕೊಡಿ. ಬೇಡಿಕೆಪಟ್ಟಿ ಹೋಗಿ ಮಾತುಕತೆ ಶುರುವಾಗುತ್ತದೆ. ನಡುವೆ ಫೀಸಿನ ಚಿಂತೆ ಬಂತಾ? ಅದನ್ನೂ ಅವರಿಗೇ ಹೇಳಿಬಿಡಿ.

ಹೊತ್ತು, ಜಾಗ ದಿನಾ ಒಂದೇ ಇರಲಿ. ಯೇಸುಸ್ವಾಮಿಯೂ ನಸುಕಿನಲ್ಲೇ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥಿಸಿದರು ಅಂತ ಮಾರ್ಕನ ಸುವಾರ್ತೆ 1:35ರಲ್ಲಿದೆ. ಬೀದರಿನ ಬೇಸಿಗೆಯಲ್ಲಿ ನಾನು ಐದೂವರೆಗೆ ಮಾಳಿಗೆ ಹತ್ತುತ್ತೇನೆ. ಫೋನು ಕೆಳಗೇ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾದರೆ ನನ್ನ ಹೊತ್ತು ಮುಗಿಯಿತು ಅಂತ ಲೆಕ್ಕ. ತೂಕಡಿಸಿದ ದಿನಗಳೂ ಇವೆ, ಸುಳ್ಳು ಯಾಕೆ ಹೇಳಲಿ.