ಪ್ರೋಬಯಾಟಿಕ್ ಡಬ್ಬಿ, ನಿಂತುಹೋದ ಥೆರಪಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಿಂಧನೂರು ಕಡೆಯ ದಂಪತಿ. ತಂದೆ ರೈಸ್‌ಮಿಲ್ಲಿನಲ್ಲಿ ಹಮಾಲಿ. ಐದು ವರ್ಷದ ಮಗನಿಗೆ ಆಟಿಸಂ ಇದೆ. "ಹೊಟ್ಟ್ಯಾಗಿನ ಬ್ಯಾಕ್ಟೀರಿಯಾ ಸುದ್ದ ಆದ್ರ ಮಾತು ಬರ್ತಾವಂತ್ರಿ ಮೇಡಂ" ಅನ್ನುತ್ತಾ ತಾಯಿ ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ ಇರುವ) ಪುಡಿಯ ಡಬ್ಬಿ ಮುಂದಿಟ್ಟರು. ಅದರ ದುಡ್ಡು ಹೊಂದಿಸಲು ಸ್ಪೀಚ್ ಥೆರಪಿ ಬಿಡಿಸಿದ್ದರು. ಪುಡಿಗಿಂತ ನನಗೆ ಚಿಂತೆ ಹತ್ತಿಸಿದ್ದು ಇದು.

ಮಾತಾಡುವಷ್ಟು ಹೊತ್ತೂ ಹುಡುಗ ಕುರ್ಚಿಯ ಕೈಗೆ ಹೊಟ್ಟೆ ಒತ್ತಿ, ಮುಖ ಕೆಂಪಗೆ ಮಾಡಿಕೊಂಡು ಬಾಗಿ ನಿಲ್ಲುತ್ತಿದ್ದ. ಸಂಡಾಸಿಗೆ ಹೇಗೆ ಹೋಗುತ್ತಾನೆ ಎಂದು ಕೇಳಿದೆ. "ನಾಕ್ ದಿನಕ್ಕೊಮ್ಮಿ, ಅದೂ ಅತಗೋಂತ. ಸಂಜಿ ಆತಂದ್ರ ತಲಿ ಗ್ವಾಡಿಗೆ ಬಡಕೋತಾನ್ರಿ." ತಿನ್ನುವುದು ಬಿಸ್ಕತ್ತು, ಹಾಲು, ಬಿಳಿ ಅನ್ನ. ರೊಟ್ಟಿ-ಪಲ್ಯ ಮುಟ್ಟುವುದಿಲ್ಲ.

ಅವರು ಕೇಳಿದ್ದು ಪೂರ್ತಿ ಸುಳ್ಳೇನಲ್ಲ. 2017ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಆಟಿಸಂ ಇರುವ 18 ಮಕ್ಕಳಿಗೆ ಆರೋಗ್ಯವಂತರ ಮಲದಿಂದ ತೆಗೆದ ಕರುಳಿನ ಬ್ಯಾಕ್ಟೀರಿಯಾ ಕೊಟ್ಟು, ಹೊಟ್ಟೆಯೂ ನಡವಳಿಕೆಯೂ ಸುಧಾರಿಸಿತು ಎಂದರು. ಆದರೆ ಹುಸಿ ಔಷಧಿ ಕೊಟ್ಟು ಹೋಲಿಸುವ ಗುಂಪು ಅಲ್ಲಿರಲಿಲ್ಲ. ಅಂಗಡಿ ಪುಡಿಗೂ ಅದಕ್ಕೂ ಸಂಬಂಧವಿಲ್ಲ. ಅಂಥ ಬ್ಯಾಕ್ಟೀರಿಯಾ ಚಿಕಿತ್ಸೆಯನ್ನು ಮನೆಯಲ್ಲಿ ಮಾಡಿ ನೋಡುವುದಂತೂ ಜೀವಕ್ಕೇ ಅಪಾಯ. 2021ರಲ್ಲಿ ಆಸ್ಟ್ರೇಲಿಯಾದವರು 247 ಮಕ್ಕಳ ಮಲ ಪರೀಕ್ಷಿಸಿದಾಗ ಲೆಕ್ಕ ತಿರುವುಮುರುವಾಯಿತು: ಆಟಿಸಂ ಇರುವ ಮಕ್ಕಳು ಕೆಲವೇ ಬಗೆಯದನ್ನು ತಿನ್ನುತ್ತಾರೆ, ಅದರಿಂದಲೇ ಬ್ಯಾಕ್ಟೀರಿಯಾದ ವೈವಿಧ್ಯ ಕಡಿಮೆಯಾಗುತ್ತದೆ ಎಂಬ ಕಡೆಗೇ ಅವರ ಒಲವು.

ನಾನು ಹೇಳಿದ್ದು: ಮೊದಲು ಮಕ್ಕಳ ಡಾಕ್ಟರಿಗೆ ಹೊಟ್ಟೆ ತೋರಿಸಿ, ಡಬ್ಬಿಯನ್ನೂ ತೋರಿಸಿ. ಥೆರಪಿ ಮತ್ತೆ ಹಚ್ಚಿ. ಜಿಲ್ಲೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ನೋಡುವ ಸರ್ಕಾರಿ ಕೇಂದ್ರ) ವಿಚಾರಿಸಿ. ಆಟಿಸಂನಂಥ ಅಂಗವೈಕಲ್ಯ ಇರುವವರಿಗೆಂದೇ ಇರುವ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಮಾಡಿಸಿದರೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ, ಅದರಲ್ಲೊಂದು ಪಾಲು ಥೆರಪಿಗೂ ಸಿಗುತ್ತದೆ. ಊಟದಲ್ಲಿ ಜಬರದಸ್ತಿ ಬೇಡ. ಅನ್ನದ ಪಕ್ಕ ಒಂದು ತುಣುಕು ರೊಟ್ಟಿ ಇಟ್ಟು ಸುಮ್ಮನಿರಿ, ಮುಟ್ಟಿದರೂ ಸಾಕು.

ಡಾಕ್ಟರು ಮಲಬದ್ಧತೆ ಎಂದು ಸಿರಪ್ ಕೊಟ್ಟರು. ಕೆಲವು ವಾರಗಳಲ್ಲಿ ತಲೆ ಬಡಿದುಕೊಳ್ಳುವುದು ಬಹಳ ಕಡಿಮೆಯಾಯಿತು. "ಪುಡಿನ ಕೆಲಸ ಮಾಡೇತ್ರಿ" ಎಂದರು ತಂದೆ! ಅಜ್ಜಿ ಅದನ್ನು ನಿಲ್ಲಿಸಿಯೇ ಇರಲಿಲ್ಲ. ವಾದಕ್ಕಿಳಿಯದೆ, ಡಬ್ಬಿ ಮುಗಿದ ಮೇಲೆ ಹೊಸದು ತರಬೇಡಿ, ಸಿರಪ್ ಮಾತ್ರ ಡಾಕ್ಟರು ಹೇಳುವವರೆಗೆ ಬಿಡಬೇಡಿ, ದಿನಾ ಬರೆದಿಡಿ ಎಂದೆ. ಪುಡಿ ನಿಂತಿತು, ಸಂಜೆಯ ಗಲಾಟೆ ಮರಳಲಿಲ್ಲ.

ಮಾತು ಇನ್ನೂ ಬಂದಿಲ್ಲ. ಥೆರಪಿಯಲ್ಲಿ ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದನ್ನು ಕೇಳುವುದನ್ನು ಕಲಿಸುತ್ತಿದ್ದಾರೆ. ತಾಯಿ ಮೊದಲು ಕೇಳಿ ಮಾಡಿಸಿಕೊಂಡದ್ದು ಸಂಡಾಸಿನ ಕಾರ್ಡ್.