ಸ್ಪ್ಯಾನ್ಷನ್ ಮುಳುಗಿದ್ದು ಸಾಲದಿಂದ

ಸ್ಯಾಮ್‌ಸಂಗ್ ಮೇಲೆ ಪೇಟೆಂಟ್ ಕೇಸು ಹಾಕುವಷ್ಟು ತಾಕತ್ತಿದ್ದ ಅಮೆರಿಕದ ಚಿಪ್ ಕಂಪನಿ ಸ್ಪ್ಯಾನ್ಷನ್ 2009ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ಯಾಕೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸಾಲವೇ ಮುಖ್ಯ ಕಾರಣ. ಚಿಪ್ ಕಂಪನಿ ಎಎಂಡಿ, ಜಪಾನಿನ ಫುಜಿತ್ಸು ಸೇರಿ ಕಟ್ಟಿದ ಈ ಕಂಪನಿ ನಾರ್ ಫ್ಲ್ಯಾಶ್ ಚಿಪ್, ಅಂದರೆ ಕರೆಂಟ್ ಹೋದರೂ ಮಾಹಿತಿ ಅಳಿಸಿಹೋಗದ ಒಂದು ಬಗೆಯ ಮೆಮೊರಿ ಚಿಪ್ ಮಾಡುತ್ತಿತ್ತು. ಜಪಾನಿನ ಐಜು-ವಾಕಮಾಟ್ಸುವಿನಲ್ಲಿ 300 ಮಿಲಿಮೀಟರ್ ವೇಫರ್‌ನ (ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆ) ಹೊಸ ಕಾರ್ಖಾನೆಗೆ ವಿಪರೀತ ದುಡ್ಡು ಸುರಿದರು. ಚಿಪ್ ಕಾರ್ಖಾನೆ ಅರ್ಧ ಖಾಲಿ ಇದ್ದರೂ ಬಡ್ಡಿ, ಯಂತ್ರಗಳ ಸವಕಳಿ ನಿಲ್ಲುವುದಿಲ್ಲ ಅಲ್ವಾ? 2008ರಲ್ಲಿ ಬೇಡಿಕೆ ಕುಸಿದಾಗ ಹೊಸ ಸಾಲವೂ ಹುಟ್ಟಲಿಲ್ಲ.

ಸ್ಯಾಮ್‌ಸಂಗ್ ಮೇಲೆ ಕೇಸು ಹಾಕಿದ್ದು 2008ರ ನವೆಂಬರ್‌ನಲ್ಲಿ. 15 ಕೋಟಿ ಡಾಲರ್‌ಗೆ ರಾಜಿ ಆಗಿದ್ದು 2011ರಲ್ಲಿ, ಅದೂ ಕಂತಿನ ಲೆಕ್ಕದಲ್ಲಿ. ಅಷ್ಟರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಸ್ಪ್ಯಾನ್ಷನ್‌ನ ಹಳೇ ಷೇರುಗಳೆಲ್ಲ ರದ್ದಾಗಿದ್ದವು, ಪಾಪ. ಇನ್ನೊಂದು ಕಡೆ ಟೆಸೆರಾ ಕಂಪನಿ ಚಿಪ್ ಪ್ಯಾಕೇಜಿಂಗ್ (ಚಿಪ್‌ಗೆ ಹೊರಕವಚ ಹಾಕುವ ವಿಧಾನ) ಪೇಟೆಂಟ್ ಹಿಡಿದು 2005ರಿಂದ ಸ್ಪ್ಯಾನ್ಷನ್ ಮೇಲೇ ಕೇಸು ನಡೆಸುತ್ತಿತ್ತು.