ತರಿಸಿದ ಮೊಟ್ಟೆ ಮರಿಯಾಗಲಿಲ್ಲವೇಕೆ?

ಪ್ರಶ್ನೆ: ಮೈಸೂರಿನಿಂದ ಕೊರಿಯರ್‌ನಲ್ಲಿ ಬಂದ 12 ನಾಟಿಕೋಳಿ ಮೊಟ್ಟೆಗಳನ್ನು ಅಂದೇ ಹೇಂಟೆಯಡಿ ಕಾವಿಗಿಟ್ಟೆ. ಮೂರೇ ಮರಿಗಳಾದವು. ತಪ್ಪೆಲ್ಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮಾರಿದವರನ್ನು ದೂರುವ ಮೊದಲು ಮೊಟ್ಟೆಗಳ ಪ್ರಯಾಣವನ್ನು ನೆನೆಯಿರಿ. ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಕೋಶವು ದಾರಿಯ ಕುಲುಕಾಟದಿಂದ ಸಡಿಲಗೊಳ್ಳಬಹುದಾದ್ದರಿಂದ, ಪಾರ್ಸೆಲ್ ಬಿಚ್ಚಿದ ಕೂಡಲೇ ಕಾವಿಗಿಡದೆ, ಚೂಪು ತುದಿ ಕೆಳಗಾಗುವಂತೆ ಟ್ರೇಯಲ್ಲಿ ನಿಲ್ಲಿಸಿ, ತಂಪಾದ ಕೋಣೆಯಲ್ಲಿ 12ರಿಂದ 24 ಗಂಟೆ ಅಲುಗಿಸದೆ ಬಿಡಬೇಕು. ಕೋಳಿ ಇಟ್ಟು ಏಳು ದಿನ ಮೀರದ ಮೊಟ್ಟೆಗಳನ್ನೇ ಕೇಳಿ ತರಿಸಿ, ತೊಳೆಯಬೇಡಿ. ನಮ್ಮ ಕಾಸರಗೋಡಿನ ಏಪ್ರಿಲ್–ಮೇ ಸೆಕೆಯಲ್ಲಿ ಭ್ರೂಣವು ದಾರಿಯಲ್ಲೇ ಅರೆಬರೆ ಬೆಳೆದು ಸಾಯುವುದೂ ಉಂಟು. ಆಗ ತರಿಸದಿರುವುದೇ ಲೇಸೆಂಬುದು ನನ್ನ ದೃಢ ಅಭಿಪ್ರಾಯ. ಕಾವಿಗಿಟ್ಟ ಏಳನೆಯ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ಬೆಳೆಯುತ್ತಿರುವ ಮೊಟ್ಟೆಯೊಳಗೆ ಕೆಂಪು ರಕ್ತನಾಳಗಳ ಬಲೆ ಕಾಣುತ್ತದೆ. ಬರಿದಾಗಿ ಕಂಡವನ್ನು ತೆಗೆದುಬಿಡಿ.